ಗುಡ್ಡೆಗೆ ಸೇರದ ಹೆಸರು

ಶಿಕಾರಿಪುರ
೧೨-೮-೧೯೫೮

ಸೊಸೆ ಸತ್ಯವತಿಗೆ,

ಈ ಪತ್ರವನ್ನು ನಾನೇ ಬರೆದಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ಕೋಳಿ ಕೆದರಿದ ಹಾಗಿದೆ ಎಂದು ನನ್ನ ಮಗ ಮಹಾಬಲ ನಕ್ಕರೆ ನಗಲಿ. ಇಷ್ಟು ದಿನ ಅವನಿಗೆ ಬರುತ್ತಿದ್ದ ಮುದ್ದಾದ ಅಕ್ಷರ ಪಕ್ಕದ ಮನೆ ವನಜಮ್ಮನದು. ಅವರ ಕೈಯಲ್ಲಿ ಬರೆಸಿದರೆ ಪತ್ರ ಸೊರಬ ಮುಟ್ಟುವ ಮೊದಲೇ ಮನೆಯ ಮಾತು ಬೀದಿ ಮುಟ್ಟುತ್ತಿತ್ತು. ಅದಕ್ಕೇ ಏನು ಹೇಳಬೇಕೆಂದಿದ್ದರೂ ‘ಎಲ್ಲರೂ ಆರಾಮ’ ಎಂದು ಬರೆಸಿ ಸುಮ್ಮನಾಗುತ್ತಿದ್ದೆ.

ನೀನು ಮದುವೆಯಾಗಿ ಬಂದ ಹೊಸತರಲ್ಲಿ ಪಾತ್ರೆ ತಿಕ್ಕುವ ಕಲ್ಲಿನ ಮೇಲೆ ಬೂದಿ ಹರಡಿ ‘ಅ’ ಬರೆದು ತೋರಿಸಿದ್ದೆ. “ಈ ವಯಸ್ನಾಗೆ ನಂಗ್ಯಾಕವ್ವ ಇದು?” ಎಂದಿದ್ದಕ್ಕೆ, “ಪಾತ್ರೆ ಹೆಂಗೂ ತಿಕ್ಕಬೇಕು ಅತ್ತೆ, ಬೂದಿ ಹೆಂಗೂ ಐತೆ” ಎಂದೆ. ನೀನು ಸೊರಬಕ್ಕೆ ಹೋದ ಮೇಲೂ ಪಾತ್ರೆಗಿಂತ ಮೊದಲು ಬೂದಿಯಲ್ಲಿ ಕೈಯಾಡಿಸುತ್ತೇನೆ. ನಿನ್ನಿಂದ ನನಗೆ ದೊಡ್ಡ ಉಪಕಾರವಾಯಿತು ಎಂದು ಎದುರಿಗೆ ನಿಂತು ಹೇಳಲು ನಾಚಿಕೆ. ಕಾಗದದಲ್ಲಿ ಹೇಳಬಹುದು ನೋಡು, ಇದು ಒಳ್ಳೆಯ ಅನುಕೂಲ.

ಈಗ ಕೆಲಸದ ಮಾತು. ನಮ್ಮೂರಲ್ಲಿ ವಾಚನಾಲಯ ತೆರೆದಿದ್ದಾರೆ. ಮಧ್ಯಾಹ್ನ ಹೆಂಗಸರಿಗೆಂದೇ ಬಾಗಿಲು ತೆಗೆಯುತ್ತಾರೆ. ಆ ಹೊತ್ತಿನಲ್ಲಿ ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಂತೆ, ಸಂಬಳವೂ ಉಂಟು. ಸದಸ್ಯರ ಹೆಸರಿನ ಚೀಟಿಗಳನ್ನು ಓದಿ, ಅಕಾರಾದಿಯಾಗಿ ಪೆಟ್ಟಿಗೆಯಲ್ಲಿ ಜೋಡಿಸಲು ಬರಬೇಕು, ಅಷ್ಟೇ. ದೀಪಾವಳಿ ಕಳೆದ ಮೇಲೆ ಪರೀಕ್ಷೆ ಎಂದು ಕಾರ್ಯದರ್ಶಿ ಸುಬ್ಬಪ್ಪ ಮೇಷ್ಟ್ರು ಹೇಳಿದರು. ನಾಲ್ಕನೇ ಕ್ಲಾಸು ಪಾಸಾದ ಲೋಕಮ್ಮನೂ ಬರುತ್ತಾಳಂತೆ.

ಈ ಕೆಲಸ ನನಗೆ ಬೇಕು ಸತ್ಯವತಿ. ಮಂಡಿಯಲ್ಲಿ ನಿನ್ನ ಮಾವನವರ ಕೆಲಸ ಕಡಿಮೆಯಾಗುತ್ತ ಬಂದಿದೆ. ಹಳೆಯ ಅಳತೆ ಹೋಗಿ ಕಿಲೋ ಬರುತ್ತದಂತೆ, ಮಂಡಿಯವರು ಈಗಲೇ ತಕ್ಕಡಿ ತಂದಿಟ್ಟುಕೊಂಡು ಕೂತಿದ್ದಾರೆ. ಕೊಳಗ ಹಿಡಿದು ಭತ್ತ ಅಳೆಯುವವರನ್ನು ಇನ್ನು ಯಾರು ಕರೆಯುತ್ತಾರೆ? ಈಸೂರಿನ ಭಾವನವರು ‘ನಮ್ಮಲ್ಲೇ ಬಂದಿದ್ದುಬಿಡಿ’ ಎಂದು ಎರಡು ಸಲ ಹೇಳಿ ಕಳುಹಿಸಿದರು. ಕೆಟ್ಟವರಲ್ಲ. ಆದರೆ ಆ ಮನೆಯಲ್ಲಿ ಉಪ್ಪಿನ ಮರಿಗೆಯನ್ನು ಮುಟ್ಟಬೇಕಾದರೂ ಓರಗಿತ್ತಿಯ ಮುಖ ನೋಡಬೇಕು. ನನ್ನ ಒಲೆ ನನಗಿರಲಿ ಎಂಬ ಆಸೆ. ಅಕಾರಾದಿ ಎಂದರೆ ಹೇಗೆ ಜೋಡಿಸಬೇಕು, ಬಿಡಿಸಿ ಬರೆ.

ನಿನ್ನ ಅತ್ತೆ
ತುಂಗಮ್ಮ


ಸೊರಬ
೨೪-೮-೧೯೫೮

ಅತ್ತೆಯವರಿಗೆ ಸತ್ಯವತಿಯ ನಮಸ್ಕಾರಗಳು.

ಕವರಿನ ಮೇಲಿನ ಅಕ್ಷರ ಯಾರದೆಂದು ಗೊತ್ತಾಗದೆ ಇವರೇ ಒಡೆದರು. ಎರಡು ಸಾಲು ಓದಿ, ಪತ್ರವನ್ನು ನನ್ನ ಕೈಗಿತ್ತು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ನಗಲಿಲ್ಲ ಅತ್ತೆ. ಆ ದಿನ ಕಚೇರಿಗೆ ಹೋಗುವಾಗ ನಿಮ್ಮ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಉಳಿದ ಗುಮಾಸ್ತರಿಗೆಲ್ಲ ತೋರಿಸಿಕೊಂಡು ಬಂದಿದ್ದಾರೆ. ನನಗೆ ಹೇಳಿಲ್ಲ. ಪತ್ರದ ಮೇಲೆ ಬೇರೆ ಬೇರೆ ಬೆರಳುಗಳ ಶಾಯಿ ಗುರುತಿದೆ, ಅದರಿಂದ ತಿಳಿಯಿತು.

ಉಪಕಾರದ ಮಾತು ಬೇಡ. ಓದಿಕೊಂಡ ಸೊಸೆ ಎಂದರೆ ಹುಬ್ಬು ಗಂಟಿಕ್ಕುವ ಮನೆಗಳನ್ನು ನೋಡಿ ಹೆದರಿಕೊಂಡೇ ಬಂದವಳು ನಾನು. ನೀವು ನನ್ನ ಪುಸ್ತಕಗಳಿಗೆ ಗೆದ್ದಲು ಹಿಡಿಯಬಾರದೆಂದು ನಿಮ್ಮ ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ಜಾಗ ಬಿಟ್ಟುಕೊಟ್ಟಿರಿ.

ಜೋಡಿಸುವ ಕ್ರಮ ಹೀಗೆ. ಗೊತ್ತಿರುವವರ ಹೆಸರುಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳಿ. ನಡುಮನೆ ಗುಡಿಸಿ, ಮೊದಲಕ್ಷರ ಒಂದೇ ಆಗಿರುವವನ್ನು ಒಂದೊಂದು ಗುಡ್ಡೆ ಮಾಡಿ. ಗುಡ್ಡೆಗಳನ್ನು ಅ ಆ ಇ ಈ ಕ್ರಮದಲ್ಲಿ ಸಾಲಾಗಿಡಿ. ಆಮೇಲೆ ಒಂದೊಂದೇ ಗುಡ್ಡೆ ಎತ್ತಿಕೊಂಡು ಕಾಗುಣಿತ ನೋಡಿ. ‘ಗ’ ಮೊದಲು, ‘ಗಾ’ ನಂತರ, ‘ಗಿ’ ಅದರ ನಂತರ. ಅದೂ ಒಂದೇ ಆದರೆ ಎರಡನೆಯ ಅಕ್ಷರ, ಅದೂ ಒಂದೇ ಆದರೆ ಮೂರನೆಯದು. ಎಲ್ಲ ಹೆಸರನ್ನೂ ಒಟ್ಟಿಗೆ ನೋಡಬೇಡಿ, ತಲೆ ತಿರುಗುತ್ತದೆ. ನುಚ್ಚು, ಅಕ್ಕಿ, ತೌಡು ಬೇರೆ ಮಾಡುವಾಗ ಒಂದೇ ಸಲ ಕೇರುವುದಿಲ್ಲವಲ್ಲ, ಹಾಗೆ. ಜೋಡಿಸಿದ್ದನ್ನು ಬರೆದು ಕಳುಹಿಸಿ, ನೋಡುತ್ತೇನೆ.

ನಿಮ್ಮ
ಸತ್ಯವತಿ


ಶಿಕಾರಿಪುರ
೧೫-೯-೧೯೫೮

ಸತ್ಯವತಿಗೆ,

ನಿನ್ನ ಪಾಠ ಬಂತು, ನನ್ನ ಮಾನ ಹೋಯಿತು.

ಹಳೆಯ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿ ಬೀದಿಯವರ ಹೆಸರೆಲ್ಲ ಬರೆದೆ. ಗುಡ್ಡೆಯನ್ನೂ ಮಾಡಿದೆ. ಆದರೆ ದೊಡ್ಡಬೀರಪ್ಪನನ್ನು ‘ದ’ದಲ್ಲಿಟ್ಟು ಸಣ್ಣಬೀರಪ್ಪನನ್ನು ಅಷ್ಟು ದೂರ ‘ಸ’ದಲ್ಲಿಡಲು ಮನಸ್ಸು ಬರಲಿಲ್ಲ. ಒಡಹುಟ್ಟಿದವರು, ಒಂದೇ ಗಾಡಿ, ಒಂದೇ ಜೊತೆ ಎತ್ತು. ಇಬ್ಬರನ್ನೂ ಒಟ್ಟಿಗಿಟ್ಟೆ. ಆಮೇಲೆ ಗುತ್ಯಮ್ಮನನ್ನು ಅವಳ ಗಂಡ ಉಚ್ಚಂಗಪ್ಪನ ಪಕ್ಕಕ್ಕೆ ತಂದೆ. ವಯಸ್ಸಾದವರನ್ನು ಕೊನೆಯಲ್ಲಿ ಕೂರಿಸಬಾರದೆಂದು ಹಿರಿಯರನ್ನೆಲ್ಲ ಮುಂದಕ್ಕೆ ಹಾಕಿದೆ. ಸುಬ್ಬಪ್ಪ ಮೇಷ್ಟ್ರಿಗೆ ತೋರಿಸಿದರೆ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. “ಇದು ಅಕಾರಾದಿ ಅಲ್ರಿ ತುಂಗಮ್ಮ, ಮದುವೆ ಊಟದ ಪಂಕ್ತಿ!” ಎಂದರು.

ನಗಲಿ ಬಿಡು. ಒಳ್ಳೆಯ ಮನುಷ್ಯ, ಅಭ್ಯಾಸಕ್ಕೆಂದು ವಾಚನಾಲಯದ ನಿಜವಾದ ಚೀಟಿಗಳನ್ನೇ ಒಂದು ವಾರ ಮನೆಗೆ ಕೊಟ್ಟರು. ಅಲ್ಲಿ ಇನ್ನೊಂದು ಪೇಚು. ಮೇಷ್ಟ್ರು ಮರ್ಯಾದಸ್ಥರು, ಪ್ರತಿ ಹೆಸರಿನ ಮುಂದೆಯೂ ‘ಶ್ರೀ’ ಇಲ್ಲವೇ ‘ಶ್ರೀಮತಿ’ ಬರೆದಿದ್ದಾರೆ. ನೀನು ಹೇಳಿದಂತೆ ಮೊದಲಕ್ಷರ ನೋಡಿ ಗುಡ್ಡೆ ಮಾಡಿದೆ. ಇಡೀ ಶಿಕಾರಿಪುರ ಒಂದೇ ಗುಡ್ಡೆಗೆ ಬಂತು! ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟೆ.

ನಿನ್ನ ಮಾವನವರು ಇದನ್ನೆಲ್ಲ ನೋಡುತ್ತಾರೆ. ಚೀಟಿ ತುಳಿಯಬಾರದೆಂದು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗುತ್ತಾರೆ. ಮಂಡಿಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದ ಪತ್ರಿಕೆಯ ಚೂರನ್ನು ನೀವಿ ಸರಿಮಾಡಿ ನನ್ನ ಮುಂದಿಡುತ್ತಾರೆ. ತಮಗೆ ಓದಲು ಬಾರದಿದ್ದರೂ, “ಇದ್ರಾಗೆ ಏನೈತೆ ನೋಡು” ಎನ್ನುತ್ತಾರೆ. ಓದಿದರೆ ಪೂರ್ತಿ ಕೇಳುತ್ತಾರೆ. ಮೊನ್ನೆಯದು ಯಾವುದೋ ಕೆಮ್ಮಿನ ಔಷಧಿಯ ಜಾಹೀರಾತು. ಅದನ್ನೂ ಕೇಳಿದರು.

ಕೊನೆಗೆ ‘ಶ್ರೀ’ಗಳನ್ನೆಲ್ಲ ಬಿಟ್ಟು ಆ ಚೀಟಿಗಳನ್ನು ಜೋಡಿಸಿ, ಹೆಸರುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಬೈಯದೆ ತಿದ್ದು.

ತುಂಗಮ್ಮ


ಸೊರಬ
೨೬-೯-೧೯೫೮

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಇವರಿಗೆ ಓದಿ ಹೇಳಲು ಹೋಗಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮನೆ ಒಡತಿ ಬಂದು, “ಎಂತ ಮಾರಾಯ್ತಿ, ಸೊರಬಕ್ಕೆಲ್ಲ ಕೇಳ್ತದೆ” ಎಂದರು.

‘ಶ್ರೀ’ಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳಿ. ಮುಚ್ಚಿದ ಮೇಲೆ ಕಾಣುವ ಅಕ್ಷರವೇ ಮೊದಲಕ್ಷರ. ಆದರೆ ಒಂದೇ ಸಲ ಮುಚ್ಚಿ. ನೀವು ಕಳುಹಿಸಿದ ಹಾಳೆಯಲ್ಲಿ ಅಂಚೆ ಕಚೇರಿಯ ಶ್ರೀಕೃಷ್ಣ ಅವರು ‘ಕ’ ಗುಡ್ಡೆಯಲ್ಲಿ ಕೂತಿದ್ದಾರೆ. ಪಾಪ, ಅವರ ಹೆಸರಿನೊಳಗಿನ ಶ್ರೀಯನ್ನೂ ಯಾಕೆ ಕಿತ್ತುಕೊಂಡಿರಿ? ನೆಂಟಸ್ತನ, ವಯಸ್ಸು, ಎತ್ತಿನ ಗಾಡಿ ಯಾವುದೂ ಅಕ್ಷರಕ್ಕೆ ಗೊತ್ತಿಲ್ಲ ಅತ್ತೆ. ಹುಡುಕಲು ಬರುವವರಿಗೂ ಅದೇ ಅನುಕೂಲ, ಯಾರು ಯಾರ ತಮ್ಮ ಎಂದು ತಿಳಿಯದ ಪರಸ್ಥಳದವರಿಗೂ ಚೀಟಿ ಸಿಗುತ್ತದೆ.

ಇನ್ನೊಂದು ಮಾತು. ಕೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಜವಳಿ ಅಂಗಡಿಯವರ ಚೀಟಿ ಎಲ್ಲಿ? ವಾಚನಾಲಯಕ್ಕೆ ಮೊದಲ ಬೀರು ಕೊಟ್ಟವರೇ ಅವರು ಎಂದು ಇವರು ಹೇಳಿದರು. ಅವರ ಹೆಸರು ಇರದೆ ಇರುವುದಿಲ್ಲ. ಆ ಹೆಸರು ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಮಾವನವರ ಹೆಸರೇ ಅದು. ನೀವು ಬಾಯಲ್ಲಿ ಹೇಳುವುದಿಲ್ಲ, ನಾನು ಕಾಗದದಲ್ಲಿ ಬರೆಯುವುದಿಲ್ಲ. ನಾನು ಬರೆಯುವ ಪತ್ರಗಳ ಕವರಿನ ಮೇಲೆ ವಿಳಾಸ ಇವರೇ ಬರೆಯುತ್ತಾರಲ್ಲ, ಅದೂ ಇದಕ್ಕೇ. ಸೇರು ಎಂಬ ಮಾತು ಆ ಹೆಸರಿಗೆ ಹತ್ತಿರವಾಯಿತೆಂದು ನೀವು ಅಂಗಡಿಯಲ್ಲಿ ಒಂದು ಸೇರು ಎನ್ನದೆ ‘ನಾಲ್ಕು ಪಾವು ಅಕ್ಕಿ ಕೊಡಿ’ ಎಂದು ಕೇಳುವುದನ್ನು ನಾನೇ ನೋಡಿದ್ದೇನೆ.

ಚೀಟಿಯನ್ನು ಏನು ಮಾಡಿದಿರಿ ಅತ್ತೆ?

ಸತ್ಯವತಿ


ಶಿಕಾರಿಪುರ
೯-೧೦-೧೯೫೮

ಸತ್ಯವತಿಗೆ,

ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗೆ ಇಟ್ಟಿದ್ದೆ. ಆ ವಾರ ಮುಗಿದು ಚೀಟಿಗಳನ್ನು ಹಿಂದಿರುಗಿಸುವಾಗ ಎಲ್ಲಕ್ಕಿಂತ ಮೇಲಿಟ್ಟು ಕೊಟ್ಟೆ. ಯಾವ ಗುಡ್ಡೆಗೂ ಹಾಕಲಿಲ್ಲ. ಹಾಕುವ ಜಾಗ ಗೊತ್ತಿಲ್ಲವೆಂದಲ್ಲ. ಗೊತ್ತಿದೆ. ‘ವ’ ಮುಗಿದ ಕೂಡಲೇ.

ಪರೀಕ್ಷೆಯಲ್ಲಿ ಬರೀ ಜೋಡಿಸುವುದಾದರೆ ಹೇಗೋ ಕಣ್ಣು ಮುಚ್ಚಿ ಜೋಡಿಸಿಬಿಡುತ್ತಿದ್ದೆ. ಈಗ ಮೇಷ್ಟ್ರು ಪರೀಕ್ಷೆಯ ಕ್ರಮ ಹೇಳಿದ್ದಾರೆ. ಚೀಟಿಗಳನ್ನೆಲ್ಲ ಬೆಂಚಿನ ಮೇಲೆ ಸುರಿದು ಕೊಡುತ್ತಾರೆ. ಜೋಡಿಸಿ, ಸಮಿತಿಯವರ ಮುಂದೆ ನಿಂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಓದದಿದ್ದರೆ ಓದಲು ಬರುತ್ತದೆಂದು ತಿಳಿಯುವುದು ಹೇಗೆ? ಅದೂ ನ್ಯಾಯವೇ. ‘ಜವಳಿ ಅಂಗಡಿಯವರು ಎಂದರೆ ಆಗದೇ?’ ಎಂದು ಕೇಳಿದೆ. “ನಾಳೆ ಇನ್ನೊಂದು ಜವಳಿ ಅಂಗಡಿ ಆದ್ರೆ ಏನ್ ಮಾಡ್ತೀರ್ರಿ?” ಎಂದರು. ಕಾರಣ ಹೇಳಲಿಲ್ಲ ನಾನು. ಅದನ್ನು ಹೇಳುವುದಕ್ಕೂ ನಾಚಿಕೆ.

ಲೋಕಮ್ಮನಿಗೆ ಈ ತೊಂದರೆಯಿಲ್ಲ. ಅವಳ ಗಂಡನ ಹೆಸರಿನವರು ಯಾರೂ ಸದಸ್ಯರಾಗಿಲ್ಲ.

ನೀನು ಕೇಳಬಹುದು, ಒಂದು ಹೆಸರಲ್ಲವೇ ಎಂದು. ನಮ್ಮವ್ವ ಮದುವೆಯ ಬಂಡಿ ಹತ್ತಿಸುವಾಗ ಹೇಳಿಕೊಟ್ಟದ್ದು ಎರಡೇ ಮಾತು. ಗಂಡನ ಹೆಸರು ನಾಲಗೆಯ ಮೇಲೆ ಬಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎನ್ನುವುದು ಒಂದು. ಇನ್ನೊಂದು ಮರೆತಿದೆ. ಇದು ಮರೆತಿಲ್ಲ. ಸುಳ್ಳೆಂದು ಬುದ್ಧಿಗೆ ಗೊತ್ತು. ಆದರೆ ಹೇಳಿದ ಮರುದಿನ ಅವರಿಗೆ ಬರೀ ನೆಗಡಿಯಾದರೂ ನನ್ನಿಂದಲೇ ಆಯಿತೆಂದು ನಾನು ಸಾಯುತ್ತೇನೆ.

ಈಸೂರಿನಿಂದ ಮತ್ತೆ ಹೇಳಿ ಕಳುಹಿಸಿದ್ದಾರೆ. ದೀಪಾವಳಿಗೆ ಬಂದವರು ಇಲ್ಲೇ ಉಳಿಯಿರಿ, ಪಡಸಾಲೆ ಪಕ್ಕದ ಕೋಣೆ ಖಾಲಿ ಮಾಡಿಸಿದ್ದೇವೆ ಎಂದು. ಹೋಗಿಬಿಡೋಣವೇ ಅನ್ನಿಸುತ್ತದೆ. ಅಲ್ಲಿ ಯಾರ ಹೆಸರನ್ನೂ ಓದಬೇಕಾಗಿಲ್ಲ.

ತುಂಗಮ್ಮ


ಸೊರಬ
೨೦-೧೦-೧೯೫೮

ಅತ್ತೆಯವರಿಗೆ,

ಈ ಪತ್ರ ಚಿಕ್ಕದು. ಬೆಳಗಿನಿಂದ ಮೂರು ಸಲ ಬರೆದು ಹರಿದಿದ್ದೇನೆ.

ಇವರು ‘ಅಪ್ಪನಿಗೆ ನಾನೇ ಬರೆದು ತಿಳಿಸುತ್ತೇನೆ’ ಎಂದು ಹೊರಟಿದ್ದರು. ನಾನು ಬೇಡವೆಂದೆ. ನೀವು ಹೇಳದ ಮಾತನ್ನು ನಾವು ಹೇಳಬಾರದು. ಅಲ್ಲದೆ ಮಾವನವರಿಗೆ ಆ ಪತ್ರವನ್ನು ಓದಿ ಹೇಳಬೇಕಾದವರೂ ನೀವೇ ಅಲ್ಲವೇ!

ನಿನ್ನೆ ನಾನು ಒಂದು ಕೆಲಸ ಮಾಡಿದೆ. ಇವರು ಜಗುಲಿಯಲ್ಲಿದ್ದರು. ನಾನು ಅಡಿಗೆಮನೆಯಲ್ಲಿ ಸಾರು ಕುದಿಸುತ್ತ, ಒಲೆಯ ಮುಂದೆ ಬಗ್ಗಿ, ಇವರ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಸಾರು ಉಕ್ಕಲಿಲ್ಲ. ಎದೆ ಮಾತ್ರ ಬಡಿದುಕೊಂಡಿತು, ಕದ್ದು ಬೆಲ್ಲ ತಿಂದವಳ ಹಾಗೆ. ಇವತ್ತು ಬೆಳಿಗ್ಗೆ ಎದ್ದ ಕೂಡಲೇ ಇವರ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. “ಏನೇ ಇದು?” ಎಂದರು. ಏನಿಲ್ಲವೆಂದೆ.

ಹಾಗೆಂದು ನೀವೂ ಮಾಡಿ ಎಂದು ನಾನು ಹೇಳುವುದಿಲ್ಲ. ಓದದೆ ಬಂದರೂ ನೀವು ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ. ಈಸೂರಿಗೆ ಹೋದರೂ ನನಗೆ ಪತ್ರ ಬರೆಯುವವರು ನೀವೇ. ನನಗೆ ಅಷ್ಟು ಸಾಕು.

ಸತ್ಯವತಿ


ಶಿಕಾರಿಪುರ
೩-೧೨-೧೯೫೮

ಸತ್ಯವತಿಗೆ,

ಇಷ್ಟು ದಿನ ಬರೆಯಲಿಲ್ಲವೆಂದು ನಿನಗೆ ಕೋಪ ಬಂದಿರಬಹುದು. ಏನಾಗುತ್ತದೋ ತಿಳಿಯದೆ ಏನೆಂದು ಬರೆಯಲಿ? ದೀಪಾವಳಿಗೆ ಈಸೂರಿಗೆ ಹೋಗಿದ್ದೆವು. ಉಳಿಯಲಿಲ್ಲ. ‘ಪರೀಕ್ಷೆ ಐತಂತೆ ಇವಳಿಗೆ’ ಎಂದು ನಿನ್ನ ಮಾವನವರೇ ಅಣ್ಣನಿಗೆ ಹೇಳಿ ಬಸ್ಸು ಹತ್ತಿಸಿದರು.

ಪರೀಕ್ಷೆ ಮೊನ್ನೆ ಸೋಮವಾರ ನಡೆಯಿತು. ನಾನು ಸೆರಗು ಹೊದ್ದು ಹೊರಟರೆ ಅವರೂ ರುಮಾಲು ಸುತ್ತಿಕೊಂಡರು. “ಮಂಡೀಲಿ ಏನೂ ಕೆಲ್ಸ ಇಲ್ಲ, ಬರ್ತೀನಿ” ಎಂದರು. ವಾಚನಾಲಯದ ಒಳಗೆ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತರು. ಚೀಟಿಯ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ಮೊದಲು ಲೋಕಮ್ಮನ ಸರದಿ. ಅವಳು ಸರಸರ ಓದುತ್ತಾಳೆ, ಅದನ್ನು ಒಪ್ಪಬೇಕು. ಆದರೆ ದೊಡ್ಡಬೀರಪ್ಪ, ಸಣ್ಣಬೀರಪ್ಪ ಇಬ್ಬರನ್ನೂ ಒಟ್ಟಿಗಿಟ್ಟು ಓದಿದಳು! ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಆಮೇಲೆ ನಾನು. ಹೆಬ್ಬೆರಳಿನಿಂದ ‘ಶ್ರೀ’ ಮುಚ್ಚಿ ಗುಡ್ಡೆ ಮಾಡಿದೆ, ಗುಡ್ಡೆಯೊಳಗೆ ಕಾಗುಣಿತ ನೋಡಿದೆ. ಈ ಸಲ ಆ ಚೀಟಿಯನ್ನೂ ಅದರ ಜಾಗದಲ್ಲೇ ಇಟ್ಟೆ. ಓದುವಾಗ ನೋಡೋಣ ಎಂದುಕೊಂಡೆ. ಉಚ್ಚಂಗಪ್ಪ, ಗುತ್ಯಮ್ಮ, ದೊಡ್ಡಬೀರಪ್ಪ ಎಂದು ಒಂದೊಂದೇ ಓದುತ್ತ ಬಂದೆ. ವನಜಮ್ಮ ಎಂದು ಓದಿದೆ. ಮುಂದಿನ ಚೀಟಿ ಕೈಗೆ ಬಂತು. ಅದನ್ನು ಹಿಡಿದುಕೊಂಡು ನಿಂತುಬಿಟ್ಟೆ.

“ಓದ್ರಿ ತುಂಗಮ್ಮ, ಯಾಕ್ ನಿಂತ್ರಿ?” ಎಂದರು ಮೇಷ್ಟ್ರು.

ಸಮಿತಿಯ ಬೆಂಚಿನಲ್ಲಿ ಜವಳಿ ಅಂಗಡಿಯವರೇ ಕೂತಿದ್ದರು. ಅವರಿಗೆ ಅರ್ಥವಾಯಿತು. “ಬಿಡ್ರಿ ಮೇಷ್ಟ್ರೆ, ಅವರ ಯಜಮಾನರ ಹೆಸ್ರೂ ನಂದೇ. ಹೆಂಗ್ ಓದ್ತಾರೆ? ಅದೊಂದು ಬಿಟ್ಟು ಮುಂದಿಂದು ಓದ್ಲಿ” ಎಂದರು. ಮೇಷ್ಟ್ರು ತಲೆಯಾಡಿಸಿದರು. ಲೋಕಮ್ಮ ಕೂಡ ಹೌದು ಬಿಡಿ ಎಂದಳು. ಎಲ್ಲರೂ ಒಳ್ಳೆಯವರೇ ಸತ್ಯವತಿ. ಬಿಟ್ಟು ಮುಂದೆ ಹೋಗಿದ್ದರೆ ನಡೆದುಹೋಗುತ್ತಿತ್ತು.

ನನಗೆ ಮಾತ್ರ ಅದು ಸರಿಯೆನಿಸಲಿಲ್ಲ. ಊರವರ ಹೆಸರೆಲ್ಲ ಓದಿದೆ. ನಾನು ಬೂದಿಯಲ್ಲಿ ಗೀಚುತ್ತ ಕೂತಿದ್ದಾಗ ಅನ್ನ ತಡವಾದರೂ ಒಂದು ದಿನ ಗೊಣಗದ ಮನುಷ್ಯ ಅವರು. ನಾನು ಓದಲಿ ಎಂದು ಬೆಲ್ಲದ ಕಾಗದವನ್ನು ನೀವಿಕೊಟ್ಟವರು. ಅವರದೊಂದು ಹೆಸರು ಬಿಟ್ಟು ಉಳಿದವರದೆಲ್ಲ ಓದಿ ಬಂದರೆ, ನಾನು ಕಲಿತದ್ದಕ್ಕೆ ಏನು ಬೆಲೆ? ಆಯುಸ್ಸಿನ ಮಾತೂ ತಲೆಗೆ ಬಂತು. ಬೂದಿಯಲ್ಲಿ ಬರೆದ ಅಕ್ಷರದಿಂದ ಇಷ್ಟು ಒಳ್ಳೆಯದೇ ಆಗಿರುವಾಗ ಅದೇ ಅಕ್ಷರ ಅವರಿಗೆ ಕೇಡು ಮಾಡಲಾರದು ಎಂದುಕೊಂಡೆ.

‘ಶೇಷಪ್ಪ’ ಎಂದು ಓದಿದೆ.

ಮೆಲ್ಲಗೆ ಓದಬೇಕೆಂದಿದ್ದೆ. ಗಂಟಲಲ್ಲಿ ತಡೆದುಕೊಂಡಿದ್ದಕ್ಕೋ ಏನೋ, ಮಂಡಿಯಲ್ಲಿ ಕೂಗಿದ ಹಾಗೆ ಬಂತು.

ಹೊರಗಿನಿಂದ “ಓ! ಬಂದೆ!” ಎಂದು ಕೇಳಿಸಿತು. ನೋಡಿದರೆ ನಿನ್ನ ಮಾವನವರು ಜೋಡು ಕೂಡ ಬಿಡದೆ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಾರೆ. “ಯಾರು ಕರೆದಿದ್ದು?” ಎಂದು ಎಲ್ಲರ ಮುಖ ನೋಡಿದರು. ಜವಳಿ ಅಂಗಡಿಯವರು ಬಿದ್ದು ಬಿದ್ದು ನಕ್ಕರು. “ನಿಮ್ಮನ್ನಲ್ರಿ, ನನ್ನ ಓದಿದ್ದು!” ಎಂದರು. ನಿನ್ನ ಮಾವನವರಿಗೆ ಗೊತ್ತಾಗಲಿಲ್ಲ, ನನ್ನನ್ನೇ ನೋಡಿದರು. ನಾನು ಚೀಟಿ ಎತ್ತಿ ತೋರಿಸಿದೆ. ಓದಲು ಬಾರದವರಿಗೆ ಚೀಟಿ ತೋರಿಸಿದರೆ ಏನು ತಿಳಿಯಬೇಕು? ಆದರೆ ಅವರಿಗೆ ತಿಳಿಯಿತು. ತಲೆ ತಗ್ಗಿಸಿಕೊಂಡು ಕಟ್ಟೆಗೆ ಹೋದರು. ನಾನು ಶ್ರೀಕೃಷ್ಣ, ಸಣ್ಣಬೀರಪ್ಪ, ಸುಬ್ಬಪ್ಪ ಎಂದು ಕೊನೆಯವರೆಗೂ ಓದಿ ಮುಗಿಸಿದೆ. ಎಲ್ಲೂ ತಪ್ಪಿರಲಿಲ್ಲ. ಕೆಲಸ ನನಗೇ ಎಂದು ಮೇಷ್ಟ್ರು ಅಲ್ಲೇ ಹೇಳಿದರು. ಪೆಟ್ಟಿಗೆಯ ಬೀಗದ ಕೈ ಈಗ ನನ್ನ ಸೆರಗಿನ ತುದಿಯಲ್ಲಿದೆ. ಈಸೂರಿಗೆ ಬರುವುದಿಲ್ಲವೆಂದು ಭಾವನವರಿಗೆ ನಾನೇ ಕಾರ್ಡು ಬರೆದು ಹಾಕಿದೆ.

ದಾರಿಯುದ್ದಕ್ಕೂ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ನನಗೆ ಹೆದರಿಕೆ. ಕೋಪವೋ, ಅವಮಾನವೋ, ಏನೆಂದು ತಿಳಿಯುವುದು? ಮನೆ ಬಾಗಿಲಲ್ಲಿ ನಿಂತು ಹೇಳಿದರು.

“ನಮ್ಮವ್ವ ಹೋದ್ ಮ್ಯಾಲೆ ನನ್ನ ಹಂಗೆ ಹೆಸ್ರು ಹಿಡಿದು ಯಾರೂ ಕರೆದಿರ್ಲಿಲ್ಲ. ಅಣ್ಣ ‘ತಮ್ಮಾ’ ಅಂತಾನೆ, ಹೊರಗಿನೋರು ಅಳತೆ ಅಪ್ಪಣ್ಣ ಅಂತಾರೆ. ನೀನು ‘ಕೇಳಿಸ್ತಾ’ ಅಂತೀಯ. ನಂಗೆ ಹೆಸ್ರು ಇದ್ದಿದ್ದೇ ಮರೆತಿತ್ತು.”

ನನಗೆ ಅಳು ಬಂತು. ಇಷ್ಟು ವರ್ಷ ಅವರ ಆಯುಸ್ಸಿಗೆಂದು ಬಾಯಿ ಕಟ್ಟಿಕೊಂಡೆ. ಅವರಿಗೆ ಕರೆಸಿಕೊಳ್ಳುವ ಆಸೆಯಿರಬಹುದೆಂದು ನನಗೆ ಹೊಳೆಯಲೇ ಇಲ್ಲ. “ಹಂಗಾದ್ರೆ ಇನ್ ಮ್ಯಾಲೆ ಕರೀಲೇನ್ರಿ?” ಎಂದು ಕೇಳಿದೆ.

“ಥೂ, ಮನೇಲಿ ಬ್ಯಾಡ. ಅಕ್ಕಪಕ್ಕದೋರು ಏನಂದಾರು?” ಎಂದರು. ಜೋಡು ಬಿಡುತ್ತ, ನನ್ನ ಕಡೆ ನೋಡದೆ, “ಅಲ್ಲೇ ಓದು. ಸಂಜೆ ಬಾಗ್ಲು ಹಾಕೋ ಹೊತ್ತಿಗೆ ಬಂದು ಕಟ್ಟೆ ಮ್ಯಾಲೆ ಕೂತಿರ್ತೀನಿ” ಎಂದರು.

ದಿನವೂ ಬಾಗಿಲು ಹಾಕುವ ಮೊದಲು ಚೀಟಿಗಳನ್ನು ಓದಿ ಜೋಡಿಸಿಡಬೇಕು. ಓದಿಕೊಂಡು ಜೋಡಿಸಿದರೆ ಒಂದೂ ತಪ್ಪುವುದಿಲ್ಲ. ನಿನ್ನೆಯೂ ಬಂದು ಕೂತಿದ್ದರು, ಇವತ್ತೂ ಬಂದಿದ್ದರು. ನಿನ್ನೆ ಒಂದು ಸಲ ಓದಿದೆ. ಇವತ್ತು ಹೆಂಗಸರೆಲ್ಲ ಹೊರಟುಹೋದ ಮೇಲೆ ಆ ಒಂದು ಚೀಟಿಯನ್ನು ಎರಡು ಸಲ ಓದಿದೆ.

ಹೆಂಡತಿ ಎನಿಸಿಕೊಂಡು ಇಷ್ಟು ವರ್ಷವಾದ ಮೇಲೆ, ನಿನ್ನಿಂದ,
ತುಂಗಮ್ಮ ಶೇಷಪ್ಪ